ತೆರೆಯದೆ ಬಿಟ್ಟ ಎರಡನೇ ತುಂಡು

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೇರೆಯವರ ಬಾಯಿಂದ ಕೇಳಿ ನೀವು ನಗುವುದು ಬೇಡ. ಹೌದು ಎಂದು ಬಂದ ಇಮೇಲನ್ನು ಇಲ್ಲ ಎಂದು ಓದಿ ಹೇಳಿದವನು ನಾನೇ. ಆ ಮೇಲ್ ಕಳಿಸಿದವರು, ಪಾಪ, ಯಾಕೆ ಇನ್ನೂ ಉತ್ತರ ಬರಲಿಲ್ಲ ಎಂದು ಫೋನ್ ಮಾಡಿದಾಗ ಪೊಲೀಸ್ ಇನ್ಸ್‌ಪೆಕ್ಟರ್ ಧ್ವನಿ ತೆಗೆದು ಗದರಿಸಿದವನೂ ನಾನೇ. ಹೊಟ್ಟೆಪಾಡಿಗೆ ಕಂಪ್ಯೂಟರ್ ನೋಡಿಕೊಳ್ಳುವವನು, ಚಟಕ್ಕೆ ಮಿಮಿಕ್ರಿ ಮಾಡುವವನು. ಎರಡು ವಿದ್ಯೆಗಳನ್ನೂ ಒಂದೇ ವಾರದಲ್ಲಿ ಇಷ್ಟು ಸಮರ್ಥವಾಗಿ ಹಾಳು ಮಾಡಿಕೊಂಡ ಇನ್ನೊಬ್ಬ ಗಂಡಸು ನಮ್ಮ ವಿಜಯನಗರ ಬಡಾವಣೆಯಲ್ಲಿ ಸಿಗಲಾರ.

ಎಲ್ಲದಕ್ಕೂ ಮೂಲ ನನ್ನ ಲ್ಯಾಪ್‌ಟಾಪಿನ ಕಪ್ಪು ಕಿಟಕಿ. ನೀವೆಲ್ಲ ಮೇಲ್ ನೋಡುವುದು ಬಣ್ಣಬಣ್ಣದ ಪುಟದಲ್ಲಿ. ಫೋಟೋ ಇರುತ್ತದೆ, ಹೂವು ಇರುತ್ತದೆ, “ಇಲ್ಲಿ ಒತ್ತಿ” ಎಂದು ಕರೆಯುವ ಗುಂಡಿ ಇರುತ್ತದೆ. ನಾನು ನೋಡುವುದು ಕಪ್ಪು ಪರದೆಯ ಮೇಲೆ, ಕಮಾಂಡ್ ಟೈಪ್ ಮಾಡಿ ತೆರೆಯುವ ಒಂದು ಹಳೇ ಕಾಲದ ಪ್ರೋಗ್ರಾಮಿನಲ್ಲಿ. ಅಲ್ಲಿ ಮೌಸ್‌ಗೆ ಕೆಲಸವಿಲ್ಲ. ಬಿಳೀ ಅಕ್ಷರ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಸೀರೆ ಅಂಗಡಿಯ ಆಷಾಢದ ಸೇಲ್ ಬರಲಿ, ಬ್ಯಾಂಕಿನ ಎಚ್ಚರಿಕೆ ಬರಲಿ, ಸಹೋದ್ಯೋಗಿಯ ಮದುವೆ ಕರೆಯೋಲೆ ಬರಲಿ, ಎಲ್ಲರೂ ಒಂದೇ ಬಿಳೀ ಪಂಚೆ ಉಟ್ಟು ಸಾಲಾಗಿ ನಿಲ್ಲಬೇಕು.

ಈ ಮೇಲ್ ಎನ್ನುವುದು ಒಳಗಡೆ ಟಿಫನ್ ಕ್ಯಾರಿಯರ್ ಇದ್ದ ಹಾಗೆ. ಮೇಲಿನ ಡಬ್ಬಿಯಲ್ಲಿ ಬರೀ ಅಕ್ಷರ. ಅದರ ಕೆಳಗಿನ ಡಬ್ಬಿಯಲ್ಲಿ ಅದೇ ವಿಷಯ, ಆದರೆ ಬಣ್ಣ ಬಳಿದು ಅಲಂಕಾರ ಮಾಡಿದ್ದು. ಅದರ ಕೆಳಗೆ ಚಿತ್ರವಿರಬಹುದು, ಧ್ವನಿಯಿರಬಹುದು. ನಿಮ್ಮ ಫೋನು ಅಲಂಕಾರದ ಡಬ್ಬಿಯನ್ನು ತಾನಾಗಿ ಬಿಚ್ಚಿ ಬಡಿಸುತ್ತದೆ. ನನ್ನ ಪ್ರೋಗ್ರಾಮ್ ಮೇಲಿನ ಡಬ್ಬಿಯೊಂದನ್ನು ಬಿಚ್ಚಿಟ್ಟು ಕೈಕಟ್ಟಿ ಕೂರುತ್ತದೆ. ಮಿಕ್ಕದ್ದು ಬೇಕಾದರೆ ಒಂದು ಕೀ ಒತ್ತಿ ಪಟ್ಟಿ ತೆಗೆಯಬೇಕು. ಅಷ್ಟೇ ಅಲ್ಲ, ಚಿತ್ರ ಬಂದರೆ ಯಾವ ಪ್ರೋಗ್ರಾಮನ್ನು ಕರೆಯಬೇಕು, ಧ್ವನಿ ಬಂದರೆ ಯಾವುದನ್ನು ಎಂದು ಒಂದು ಪುಟ್ಟ ಫೈಲಿನಲ್ಲಿ ಮೊದಲೇ ಬರೆದಿಡಬೇಕು. ನಾನು ಆ ಫೈಲನ್ನು ಖಾಲಿ ಬಿಟ್ಟಿದ್ದೆ. ಮರೆತಲ್ಲ, ಬೇಕೆಂದೇ. ಬಂದವರು ಜಗುಲಿಯಲ್ಲಿ ಕೂತು ಹೇಳುವುದನ್ನು ಹೇಳಿ ಹೋಗಲಿ, ನಡುಮನೆಗೆ ಬರುವುದು ಬೇಡ ಎಂದು.

ಈ ಗುಣ ನನಗೆ ಅಜ್ಜಿಯಿಂದ ಬಂದದ್ದು. ಬಾಪೂಜಿನಗರದ ಒಂದು ವಠಾರದಲ್ಲಿ ಅಜ್ಜಿಯ ಮನೆಯಿತ್ತು. ಬಾಗಿಲಿಗೆ ಚಿಲಕ, ಚಿಲಕದ ಮೇಲೆ ಸರಪಳಿ, ಸರಪಳಿಯ ಹಿಂದೆ ಅಜ್ಜಿ. ಯಾರಾದರೂ ಬಾಗಿಲು ತಟ್ಟಿದರೆ “ಯಾರು?” ಎನ್ನುವಳು. “ನಾನು” ಎಂದರೆ ತೆಗೆಯುತ್ತಿರಲಿಲ್ಲ. “ನಾನು ಅಂತ ಕಳ್ಳನೂ ಹೇಳ್ತಾನೆ” ಎನ್ನುವಳು. ಹೆಸರು ಹೇಳಿದರೆ ತಂದೆಯ ಹೆಸರು ಕೇಳುವಳು. ನನ್ನ ಸ್ವಂತ ಅಪ್ಪ ಮಳೆಯಲ್ಲಿ ನೆನೆಯುತ್ತಾ ನಿಂತು ತನ್ನ ತಂದೆಯ ಹೆಸರು, ಅಂದರೆ ಅಜ್ಜಿಯ ಗಂಡನದೇ ಹೆಸರು, ಹೇಳಿ ಒಳಗೆ ಬಂದದ್ದುಂಟು. ಪಾತ್ರೆಗೆ ಪಾಲಿಶ್ ಹಾಕುತ್ತೇವೆ ಎಂದು ಬಂದವರನ್ನು ಅಜ್ಜಿ ಕಿಟಕಿಯಿಂದಲೇ ಎಷ್ಟು ಪ್ರಶ್ನೆ ಕೇಳುತ್ತಿದ್ದಳೆಂದರೆ, ಅವರಿಗೆ ತಮ್ಮ ಮೇಲೆ ತಮಗೇ ಅನುಮಾನ ಬಂದು ಹೊರಟುಹೋಗುತ್ತಿದ್ದರು.

ಅಜ್ಜಿಗೆ ಅನುಮಾನ ಸ್ವಭಾವ. ನನಗೆ ಅದು ಅನುಭವ. ಮಿಮಿಕ್ರಿ ಮಾಡುವವನಿಗೆ ಒಂದು ವಿಷಯ ಬಾಲ್ಯದಲ್ಲೇ ಗೊತ್ತಾಗಿಬಿಡುತ್ತದೆ, ಜನ ಧ್ವನಿಯನ್ನು ಎಷ್ಟು ಸುಲಭವಾಗಿ ನಂಬುತ್ತಾರೆ ಎಂದು. ಹೈಸ್ಕೂಲಿನಲ್ಲಿದ್ದಾಗ ನಾನು ಗೆಳೆಯನ ಅಮ್ಮನಿಗೆ ಹೆಡ್‌ಮಾಸ್ಟರ್ ಧ್ವನಿಯಲ್ಲಿ ಫೋನ್ ಮಾಡಿ, “ನಿಮ್ಮ ಮಗ ಗಣಿತದಲ್ಲಿ ಬಹಳ ಸುಧಾರಿಸಿದ್ದಾನೆ ಕಣ್ರೀ” ಎಂದಿದ್ದೆ. ಆ ಮನೆಯಲ್ಲಿ ಅವತ್ತು ಒಬ್ಬಟ್ಟು ಮಾಡಿದರು. ನನ್ನ ಪಾಲಿನದು ಸಂಜೆಯೇ ಬಂತು. ತಿನ್ನುತ್ತಾ ಕೂತಿದ್ದಾಗ ಹೊಳೆಯಿತು: ಹದಿಹರೆಯದ ನಾನೇ ಒಂದು ಫೋನ್ ಕರೆಯಲ್ಲಿ ಇಷ್ಟು ಹೂರಣ ಸಂಪಾದಿಸಬಹುದಾದರೆ, ದೊಡ್ಡ ಕಳ್ಳರು ಏನೇನು ಸಂಪಾದಿಸುತ್ತಿರಬಹುದು. ಅವತ್ತಿನಿಂದ ನಾನು ಯಾವ ಧ್ವನಿಯನ್ನೂ ನಂಬಿಲ್ಲ. ಬಣ್ಣದ ಇಮೇಲೂ ಒಂದು ಬಗೆಯ ಮಿಮಿಕ್ರಿಯೇ ಅಲ್ಲವೇ? ಬ್ಯಾಂಕಿನ ಬಣ್ಣ ಬಳಿದುಕೊಂಡು ಯಾವನೋ ಬಂದು ನಿಲ್ಲುತ್ತಾನೆ. ಬರೀ ಅಕ್ಷರಕ್ಕೆ ವೇಷ ಹಾಕಲು ಬರುವುದಿಲ್ಲ, ಬೆತ್ತಲೆ ಅಕ್ಷರ ಸುಳ್ಳು ಹೇಳುವುದಿಲ್ಲ ಎಂಬುದು ನನ್ನ ಸಿದ್ಧಾಂತವಾಗಿತ್ತು. ಆಫೀಸಿನ ಕ್ಯಾಂಟೀನಿನಲ್ಲಿ ಇದನ್ನು ನಾನು ಉಪನ್ಯಾಸದಂತೆ ಹೇಳುತ್ತಿದ್ದೆ. ಕೇಳುವವರು ವಡೆ ಮುಗಿದ ಕೂಡಲೇ ಏಳುತ್ತಿದ್ದರು.

ಈಗ ವಿಮಲಾ ಮಿಸ್ ವಿಷಯಕ್ಕೆ ಬರುತ್ತೇನೆ. ನಮ್ಮ ಮನೆಯಿಂದ ಎರಡು ಗೇಟು ಆಚೆ ಅವರ ಮನೆ. ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ನಿವೃತ್ತರಾದವರು. ನಮ್ಮ ರಸ್ತೆಯ ಅರ್ಧ ಜನಕ್ಕೆ ಟ್ಯೂಷನ್ ಹೇಳಿದವರು, ಆ ಅರ್ಧದಲ್ಲಿ ಅತಿ ಹೆಚ್ಚು ಕಿವಿ ಹಿಂಡಿಸಿಕೊಂಡವನು ನಾನು. ಅವರ ಧ್ವನಿ ಕಂಚಿನ ಗಂಟೆ. “ಒಂದನೇ ಪಾಣಿಪತ್ ಕದನ” ಎಂದು ಅವರು ಶುರು ಮಾಡಿದರೆ ಹಾಲಿನವನು ಸೈಕಲ್ ನಿಲ್ಲಿಸುತ್ತಿದ್ದ. ನಾನು ಕಲಿತ ಮೊದಲ ಮಿಮಿಕ್ರಿ ಅವರದ್ದೇ. ಗಣೇಶನ ಪೆಂಡಾಲಿನಲ್ಲಿ ನಾನು ಅವರ ಧ್ವನಿಯಲ್ಲಿ ಹಾಜರಿ ಕರೆದರೆ ಮುಂದಿನ ಸಾಲಿನ ಅಪ್ಪಂದಿರು ಅಭ್ಯಾಸಬಲದಿಂದ “ಎಸ್ ಮಿಸ್” ಎನ್ನುತ್ತಿದ್ದರು. ಮಿಸ್ ಸಹ ಮುಂದೆಯೇ ಕೂತು ನೋಡುತ್ತಿದ್ದರು. ಮುಗಿದ ಮೇಲೆ, “ಉಚ್ಚಾರಣೆ ಪರವಾಗಿಲ್ಲ, ಗಾಂಭೀರ್ಯ ಸಾಲದು” ಎಂದು ಅಂಕ ಕೊಡುತ್ತಿದ್ದರು.

ಆಮೇಲೆ ಅವರಿಗೆ ಥೈರಾಯ್ಡ್ ಆಪರೇಷನ್ ಆಯಿತು. ಧ್ವನಿ ಒಡೆಯಿತು. ಮಾತಿನ ನಡುವೆ ಎಲ್ಲೋ ಗಾಳಿ ಸೋರಿದ ಹಾಗೆ, ಹಳೆಯ ರೇಡಿಯೋದ ಸ್ಟೇಷನ್ ಜರುಗಿದ ಹಾಗೆ. ನಾನು ಅವರ ಧ್ವನಿ ಮಾಡುವುದನ್ನು ಬಿಟ್ಟೆ. ಅದನ್ನು ಗೌರವ ಎಂದುಕೊಂಡಿದ್ದೆ. ಒಂದು ಸಂಜೆ ಗೇಟಿನ ಬಳಿ ನಿಲ್ಲಿಸಿ ಕೇಳಿದರು.

“ಏನೋ ಕಿರಣ, ಈ ಸಲ ಗಣೇಶನಿಗೆ ಎಲ್ಲರ ಧ್ವನೀನೂ ಮಾಡ್ದೆ. ನಂದು ಯಾಕೆ ಮಾಡ್ಲಿಲ್ಲ?”

“ಟೈಮ್ ಆಗ್ಲಿಲ್ಲ ಮಿಸ್.”

“ಟೈಮ್ ಅಲ್ಲ ಕಣೋ ಅದು. ಅಷ್ಟು ಕೆಟ್ಟಿದೆಯಾ?”

ನನ್ನ ಬಳಿ ಊರಿನ ಎಲ್ಲರ ಧ್ವನಿ ಇತ್ತು, ಆ ಹೊತ್ತಿಗೆ ನನ್ನದೇ ಇರಲಿಲ್ಲ.

ಅದಾದ ಸ್ವಲ್ಪ ದಿನಕ್ಕೆ ಅವರೇ ನಮ್ಮ ಮನೆಗೆ ಬಂದರು. ರಾಜಾಜಿನಗರದಲ್ಲಿ ಒಂದು ಸಣ್ಣ ಸಂಸ್ಥೆ ಇದೆಯಂತೆ, ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಪಾಠದ ಪುಸ್ತಕಗಳನ್ನು ಓದಿ ರೆಕಾರ್ಡ್ ಮಾಡಿ ಕೊಡುತ್ತದಂತೆ. ಓದುವವರು ಬೇಕಂತೆ. ಮಾದರಿಗೆ ಒಂದು ಪುಟ ಓದಿ ಕಳಿಸಬೇಕಂತೆ. ಅವರು ಇದನ್ನೆಲ್ಲ ಬಹಳ ಸಾಮಾನ್ಯ ಸುದ್ದಿಯ ಹಾಗೆ ಹೇಳಿದರು, ಆದರೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದರು. ಇವರಿಗೆ ಇದು ಬೇಕು, ಬಹಳ ಬೇಕು ಎಂದು ನನಗೂ ಅರ್ಥವಾಯಿತು. ಧ್ವನಿ ಇನ್ನೂ ಯಾರಿಗಾದರೂ ಉಪಯೋಗಕ್ಕೆ ಬರುತ್ತದೆಯೇ ಎಂಬುದನ್ನು ಪರಿಚಯವಿಲ್ಲದವರ ಬಾಯಿಂದ ಕೇಳಬೇಕಿತ್ತು ಅವರಿಗೆ. ಪರಿಚಯದವರೆಲ್ಲ “ಏನಾಗಿದೆ ಮಿಸ್, ಚೆನ್ನಾಗೇ ಇದೆ” ಎಂದು ಸುಳ್ಳು ಹೇಳಿ ಮುಗಿಸಿದ್ದೆವು.

ನನಗೆ ಹುಟ್ಟಿದ್ದು ಅನುಮಾನ. “ಮಿಸ್, ಇವರು ಧ್ವನಿ ಕದಿಯೋ ಗ್ಯಾಂಗ್ ಇರಬಹುದು. ಈಗ ಮೆಷಿನ್‌ಗೆ ಒಂದು ಪುಟ ಓದಿ ಕೊಟ್ರೆ ಸಾಕು, ನಿಮ್ಮ ಧ್ವನೀಲಿ ನಿಮ್ಮ ತಂಗಿಗೇ ಫೋನ್ ಮಾಡಿ ದುಡ್ಡು ಕೇಳುತ್ತೆ” ಎಂದೆ.

“ನನ್ನ ತಂಗಿ ನಾನೇ ಕೇಳಿದ್ರೂ ಕೊಡಲ್ಲ. ನೀನು ರೆಕಾರ್ಡ್ ಮಾಡು” ಎಂದರು ಮಿಸ್.

ಮೆಷಿನ್ನಿನ ಮೇಲೆ ನನಗಿರುವ ಸಿಟ್ಟಿನಲ್ಲಿ ಸ್ವಲ್ಪ ಹೊಟ್ಟೆಕಿಚ್ಚೂ ಇದೆ ಎಂಬುದು ನಿಮಗೆ ಗೊತ್ತಾಗಿರಬೇಕು. ವರ್ಷಗಟ್ಟಲೆ ಕನ್ನಡಿ ಮುಂದೆ ಗಂಟಲು ಹರಿದುಕೊಂಡು ಕಲಿತದ್ದನ್ನು ಅದು ಒಂದು ಪುಟ ಕೇಳಿ ಕಲಿತುಬಿಡುತ್ತದೆ. ಅದಕ್ಕೆ ಯಾರೂ ಕಿವಿ ಹಿಂಡಿಲ್ಲ.

ರೆಕಾರ್ಡಿಂಗ್ ನಡೆದದ್ದು ಮಿಸ್ ಮನೆಯ ಬೀರುವಿನ ಎದುರಿಗೆ. ಬೀರುವಿನ ಬಾಗಿಲು ತೆರೆದು, ರೇಷ್ಮೆ ಸೀರೆಗಳ ನಡುವೆ ಫೋನ್ ಸಿಕ್ಕಿಸಿದ್ದೆ. ಬಟ್ಟೆ ಇದ್ದರೆ ಸದ್ದು ಗುಂಯ್‌ಗುಡುವುದಿಲ್ಲ. ಮಿಸ್ ತಮ್ಮ ಮದುವೆ ಸೀರೆಗೆ ಮುಖ ಕೊಟ್ಟು ನಿಂತು ವಿಜಯನಗರ ಸಾಮ್ರಾಜ್ಯದ ಪಾಠ ಓದಿದರು. ಸಾಮ್ರಾಜ್ಯ ಸ್ಥಾಪನೆಯಾಗುವ ಹೊತ್ತಿಗೆ ಮೇಲಿನ ಮನೆಯ ಕುಕ್ಕರ್ ಕೂಗಿತು. ಇನ್ನೊಮ್ಮೆ ಶುರು ಮಾಡಿ ಕೃಷ್ಣದೇವರಾಯನ ತನಕ ಬಂದಾಗ ಗಾಡಿಯೊಂದರ ಮೈಕು “ಹಳೇ ಕಬ್ಬಿಣ, ಹಳೇ ಪೇಪರ್” ಎಂದು ರಸ್ತೆ ತುಂಬ ಸಾರಿತು. ಅದು ಹೋಗುವವರೆಗೆ ಮಿಸ್ ಬಾಯಿ ಮುಚ್ಚಿಕೊಂಡು, ಬೆರಳನ್ನು ಮಾತ್ರ ಪಾಠದ ಸಾಲಿನ ಮೇಲೆ ಹಾಗೇ ಇಟ್ಟುಕೊಂಡು ನಿಂತಿದ್ದರು. ಕೊನೆಗೂ ಒಂದು ಪುಟ ಮುಗಿಯಿತು. ಅವರ ಫೋನಿಗೆ ಮೇಲ್ ಹಾಕಿಸಿಕೊಳ್ಳಲು ನಾನೇ ಬಿಟ್ಟಿರಲಿಲ್ಲ. “ಎಲ್ಲ ನನ್ನ ಕಪ್ಪು ಕಿಟಕೀಲಿ ಬರ್ಲಿ ಮಿಸ್, ಅಲ್ಲಿ ಯಾವ ಕಳ್ಳನ ಆಟಾನೂ ನಡೆಯಲ್ಲ” ಎಂದಿದ್ದೆ. ಹಾಗಾಗಿ ಕಳಿಸಿದ್ದು ನನ್ನ ಇಮೇಲಿನಿಂದ, ಉತ್ತರ ಬರಬೇಕಾದದ್ದೂ ಅಲ್ಲಿಗೇ; ಫೋನ್ ನಂಬರ್ ಮಾತ್ರ ಮಿಸ್ ಅವರದ್ದು ಬರೆದಿದ್ದೆ.

ಉತ್ತರ ಬಂತು. ಕಪ್ಪು ಪರದೆಯ ಮೇಲೆ ಇಂಗ್ಲಿಷಿನ ಎರಡೇ ಸಾಲು. ನಿಮ್ಮ ಓದನ್ನು ಕೇಳಿದೆವು, ಧನ್ಯವಾದ; ಈ ಸಲ ನಿಮ್ಮನ್ನು ತೆಗೆದುಕೊಳ್ಳಲು ಆಗುತ್ತಿಲ್ಲ, ಬೇಸರಿಸಬೇಡಿ. ಕೆಳಗೆ ಇನ್ನೂ ಕೆಲವು ತುಂಡುಗಳಿವೆ ಎಂದು ಪ್ರೋಗ್ರಾಮ್ ಎಂದಿನಂತೆ ತಿಳಿಸಿತು. ನಾನು ಎಂದಿನಂತೆ ತೆರೆಯಲಿಲ್ಲ. ಒಲ್ಲೆ ಎಂದವರ ಕ್ಯಾರಿಯರ್‌ನ ಕೆಳಗಿನ ಡಬ್ಬಿಯಲ್ಲಿ ಏನಿರುತ್ತದೆ, ಅವರ ಲೋಗೋ ಇರುತ್ತದೆ.

ಮಿಸ್ ಗೇಟಿನ ಒಳಗೆ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದರು. ಜೋರಾಗಿ ಓದುವುದು ಅವರ ಅಭ್ಯಾಸ. ರಸ್ತೆಯಲ್ಲಿ ಹೋಗುವವರು ಬಿಟ್ಟಿಯಲ್ಲಿ ಹೆಡ್‌ಲೈನ್ ಕೇಳಿಕೊಂಡು ಹೋಗುತ್ತಿದ್ದರು. ನಾನು ಗಂಟಲು ಸರಿ ಮಾಡಿಕೊಂಡೆ.

“ಮಿಸ್, ಆ ಸಂಸ್ಥೆಯವರದ್ದು ಬಂತು. ಆ ಜನಾನೇ ಸರಿ ಇಲ್ಲ ಅನ್ಸುತ್ತೆ.”

“ಏನಂತೆ ಅದನ್ನ ಹೇಳು. ಜನದ ವಿಷಯ ಆಮೇಲೆ.”

“ಈ ಸಲ ಆಗಲ್ವಂತೆ.”

ಪೇಪರನ್ನು ಮಡಿಸಿದರು. ಇನ್ನೊಂದು ಮಡಿಕೆ, ಮತ್ತೊಂದು ಮಡಿಕೆ, ಕೈಯಗಲ ಆಗುವ ತನಕ. “ಅವರೇನೂ ತಪ್ಪು ಹೇಳಿಲ್ಲ ಬಿಡು. ಕೇಳೋ ಕಿವಿಗೆ ಗೊತ್ತಾಗುತ್ತಲ್ಲ” ಎಂದು ಒಳಗೆ ಹೋದರು.

ಮರುದಿನ ಗೇಟಿನ ಬಳಿ ಕುರ್ಚಿ ಇತ್ತು, ಪೇಪರ್ ಇತ್ತು, ಸದ್ದು ಇರಲಿಲ್ಲ. ಮಿಸ್ ಮನಸ್ಸಿನಲ್ಲೇ ಓದಿಕೊಳ್ಳುತ್ತಿದ್ದರು. ನಮ್ಮಮ್ಮ ಅಡುಗೆಮನೆಯಿಂದಲೇ ನನ್ನ ವಿಚಾರಣೆ ಮಾಡಿದರು. “ವಿಮಲಾ ಮಿಸ್ ಹತ್ರ ಏನಂದ್ಯೋ ನೀನು? ಸೊಪ್ಪಿನವನ ಹತ್ರಾನೂ ಕೈಸನ್ನೇಲಿ ಚೌಕಾಸಿ ಮಾಡ್ತಿದ್ದಾರೆ.”

ಹೀಗೇ ಇನ್ನೊಂದು ದಿನ, ಅಮ್ಮ ಕೊಟ್ಟ ಕೋಸಂಬರಿ ಹಿಡಿದುಕೊಂಡು ಮಿಸ್ ಮನೆಗೆ ಹೋಗಿದ್ದೆ. ಅವರ ಫೋನ್ ಹೊಡೆದುಕೊಂಡಿತು. ಗೊತ್ತಿಲ್ಲದ ನಂಬರು. ನಾನು ಕೊಟ್ಟಿದ್ದ ತರಬೇತಿಯಂತೆ ಮಿಸ್ ಸ್ಪೀಕರ್ ಹಾಕಿದರು, ತಮ್ಮ ಹೆಸರು ಹೇಳಲಿಲ್ಲ, ಹೌದು ಎನ್ನಲಿಲ್ಲ.

“ವಿಮಲಾ ಮೇಡಮ್ಮಾ?” ಎಂದಿತು ಒಂದು ಹೆಣ್ಣು ಧ್ವನಿ.

“ನಿಮಗೆ ಯಾರು ಬೇಕಿತ್ತು?”

“ನಾನು ಪೂರ್ಣಿಮಾ ಅಂತ ಮೇಡಂ, ರಾಜಾಜಿನಗರದಿಂದ, ಓದಿ ಕಳಿಸಿದ್ರಲ್ಲ, ಆ ಸಂಸ್ಥೆಯವಳು. ಟ್ರಯಲ್ ರೆಕಾರ್ಡಿಂಗ್‌ಗೆ ನೀವು ಬರ್ತೀರೋ ಇಲ್ವೋ ಅಂತ ಹೇಳ್ಲೇ ಇಲ್ಲ. ಮೇಲಲ್ಲಿ ಹಸಿರು ಬಟನ್ ಇತ್ತಲ್ಲ, ಅದನ್ನ ಒತ್ತಬೇಕಿತ್ತು.”

ಬಟನ್. ಆ ಒಂದು ಮಾತು ಸಾಕಾಯಿತು ನನಗೆ. ಕೋಸಂಬರಿ ಪಕ್ಕಕ್ಕಿಟ್ಟು ಫೋನ್ ಕಸಿದುಕೊಂಡೆ. ನನ್ನ ಸಂಗ್ರಹದಲ್ಲಿ ಮೂವರು ಇನ್ಸ್‌ಪೆಕ್ಟರುಗಳಿದ್ದಾರೆ. ಅವರಲ್ಲಿ ಬಾಯಿತುಂಬ ಎಲೆಯಡಿಕೆ ಇರುವವನನ್ನು ಕರೆದೆ.

“ಯಾರಮ್ಮಾ ಅದು, ವಯಸ್ಸಾದವರಿಗೆ ಬಟನ್ ಒತ್ತು ಅನ್ನೋದು? ಇನ್ಸ್‌ಪೆಕ್ಟರ್ ಮಾತಾಡ್ತಿರೋದು ಇಲ್ಲಿ.”

“ನಮಸ್ಕಾರ ಸಾರ್. ಯಾವ ಸ್ಟೇಷನ್?”

ಮಿಮಿಕ್ರಿ ಮಾಡಿದಷ್ಟು ವರ್ಷದಲ್ಲಿ ಇನ್ಸ್‌ಪೆಕ್ಟರಿಗೆ ಯಾರೂ ತಿರುಗಿ ಪ್ರಶ್ನೆ ಕೇಳಿರಲಿಲ್ಲ. “ಮೇನ್ ಸ್ಟೇಷನ್” ಎಂದೆ.

“ಮೇನ್ ಅಂದ್ರೆ?”

“ಮೇನ್ ಅಂದ್ರೆ ಮೇನ್ ಕಣಮ್ಮಾ. ಆಗಲ್ಲ ಅಂತ ಮೇಲ್ ಕಳಿಸಿ ಈಗ ಬನ್ನಿ ಅಂತಿದ್ದೀರ. ಮೋಸಕ್ಕೂ ಒಂದು ನಿಯತ್ತು ಬೇಡ್ವಾ?”

“ನಾವು ಆಗಲ್ಲ ಅಂತ ಕಳಿಸೇ ಇಲ್ವಲ್ಲ ಸಾರ್. ಬನ್ನಿ ಅಂತಾನೇ ಬರೆದಿರೋದು. ನೋಡಿ, ಶಿವಲೀಲಾ ಅಂತ ನಮ್ಮ ಸ್ಟೂಡೆಂಟು, ಅವಳ ಪರೀಕ್ಷೆ ಹತ್ರ ಬಂತು. ಈ ಶನಿವಾರ ಮೇಡಂ ಬರ್ಲಿಲ್ಲ ಅಂದ್ರೆ ಬೇರೆಯವರನ್ನ ಹಾಕ್ಬೇಕಾಗುತ್ತೆ. ಆ ಹುಡುಗಿ ವಾಯ್ಸ್ ಕೂಡ ಅದೇ ಮೇಲಲ್ಲಿ ಕಳಿಸಿದ್ವಿ. ಕೇಳಿಲ್ವಾ ನೀವು?”

ನಾನು ಫೋನ್ ಕಟ್ ಮಾಡಿದೆ. ಇನ್ಸ್‌ಪೆಕ್ಟರುಗಳು ಹಾಗೇ ಮಾಡುವುದು ಎಂದು ಸಮಾಧಾನ ಹೇಳಿಕೊಂಡೆ. ತಿರುಗಿದರೆ ಮಿಸ್ ನನ್ನನ್ನೇ ನೋಡುತ್ತಿದ್ದರು. ಕಾಪಿ ಚೀಟಿ ಹುಡುಕುವಾಗಿನ ನೋಟ ಅದು. ಇಷ್ಟು ಹೊತ್ತೂ ಜಗತ್ತನ್ನು ಅನುಮಾನಿಸುತ್ತಿದ್ದವನು ನಾನು, ಈಗ ಅನುಮಾನ ದಿಕ್ಕು ಬದಲಿಸಿತ್ತು.

“ಆ ಮೇಲಲ್ಲಿ ವಾಯ್ಸ್ ಇದೆಯೇನೋ?”

“ಇರಬಹುದು ಮಿಸ್. ಅದನ್ನೆಲ್ಲ ತೆಗೀಬಾರದು. ವೈರಸ್ ಇರುತ್ತೆ.”

“ನೀನು ಓದಿ ಹೇಳಿದ್ದು ಪೂರ್ತಿ ಮೇಲ್ ಅನ್ನೇನಾ?”

“ನಂಗೆ ಕಾಣಿಸಿದ್ದು ಪೂರ್ತಿ ಓದಿದೀನಿ.”

“ಲ್ಯಾಪ್‌ಟಾಪ್ ತಗೊಂಬಾ” ಎಂದರು.

ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಕಪ್ಪು ಕಿಟಕಿ ತೆರೆದು, ಪಟ್ಟಿಯ ಕೀ ಒತ್ತಿದೆ. ಮಿಸ್ ಕನ್ನಡಕ ಹಾಕಿಕೊಂಡು ಹಾಜರಿ ಪುಸ್ತಕದ ಹಾಗೆ ಬೆರಳಿಟ್ಟು ಎಣಿಸಿದರು. ಅಕ್ಷರ, ಅಲಂಕಾರ, ಚಿತ್ರ, ಧ್ವನಿ.

“ನಾಲ್ಕಿದೆ. ನೀನು ಓದಿದ್ದು?”

“ಮೊದಲನೇದು.”

“ಪರೀಕ್ಷೇಲೂ ಇದೇ ಮಾಡ್ತಿದ್ದೆ ನೀನು. ಮೊದಲ ಪ್ರಶ್ನೆ ಬರೆದು ಪೇಪರ್ ಕೊಟ್ಟು ಕ್ರಿಕೆಟ್‌ಗೆ ಓಡ್ತಿದ್ದೆ. ಎರಡನೇದು ತೆಗಿ.”

ಎರಡನೆಯದನ್ನು ತೆಗೆದರೆ ಪರದೆ ತುಂಬ ಕೋನಾಕಾರದ ಚಿಹ್ನೆಗಳು, ಬಣ್ಣ ಸೂಚಿಸುವ ನಂಬರುಗಳು, ಅವುಗಳ ನಡುವೆ ಅಲ್ಲೊಂದು ಇಲ್ಲೊಂದು ಕನ್ನಡ ಅಕ್ಷರ, ಜಾತ್ರೆಯಲ್ಲಿ ಕಳೆದುಹೋದ ಮಕ್ಕಳ ಹಾಗೆ. ನನ್ನ ಖಾಲಿ ಫೈಲಿನಲ್ಲಿ ಬೇರೆ ದಾರಿ ಇರಲಿಲ್ಲವಲ್ಲ, ಅಲಂಕಾರವೆಲ್ಲ ಕಚ್ಚಾ ರೂಪದಲ್ಲೇ ಸುರಿದಿತ್ತು. ಮಿಸ್ ಮೇಜಿನ ಮೇಲೆ ಬೆರಳು ತಟ್ಟಿದರು. ಆ ಫೈಲನ್ನು ತೆರೆದು ಮೊದಲ ಸಾಲು ಬರೆದೆ: ಇಂಥ ತುಂಡು ಬಂದರೆ ಅದರ ಒಡವೆಗಳನ್ನೆಲ್ಲ ಬಿಚ್ಚಿ, ಮಾತನ್ನು ಮಾತ್ರ ತೋರಿಸು. ಮತ್ತೆ ತೆರೆದೆ. ಈ ಸಲ ಕನ್ನಡ ಬಂತು, ಆದರೆ ಕಪ್ಪು ಕಿಟಕಿಗೆ ಕನ್ನಡದ ಒತ್ತಕ್ಷರ ಹಿಡಿಸುವುದಿಲ್ಲ. ಒತ್ತು ಒಂದು ಕಡೆ, ಅಕ್ಷರ ಒಂದು ಕಡೆ, ಕೊಂಬುಗಳೆಲ್ಲ ಪಕ್ಕದ ಮನೆಯಲ್ಲಿ.

“ಅಯ್ಯೋ ದೇವರೇ, ಇದನ್ನ ಯಾರೋ ಕೊಡಲೀಲಿ ಕೊಚ್ಚಿದ್ದು?” ಎಂದರು ಮಿಸ್. ಆದರೆ ಬಿಡಲಿಲ್ಲ. ಬೆರಳಿಟ್ಟು, ಬಿದ್ದ ಒತ್ತುಗಳನ್ನು ಒಂದೊಂದಾಗಿ ಎತ್ತಿ ಅಕ್ಷರಕ್ಕೆ ಅಂಟಿಸುತ್ತಾ, ಆ ಒಡೆದ ಧ್ವನಿಯಲ್ಲಿ ಗಟ್ಟಿಯಾಗಿ ಓದತೊಡಗಿದರು. ಎಷ್ಟೋ ದಿನದ ಮೇಲೆ ಆ ಮನೆಯಲ್ಲಿ ಓದುವ ಸದ್ದು ಕೇಳಿತು. “ನಿಮ್ಮ... ಓದು... ನಮಗೆ ತುಂಬ... ಇಷ್ಟವಾಗಿದೆ. ಶನಿವಾರ... ಬಂದು... ಒಂದು ಅಧ್ಯಾಯ...” ಅಲ್ಲಿಗೆ ನಿಲ್ಲಿಸಿ, ಅದೇ ಸಾಲನ್ನು ಇನ್ನೊಮ್ಮೆ ಓದಿದರು. ಆಮೇಲೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ಕನ್ನಡಕ ಸ್ವಚ್ಛವಾಗಿಯೇ ಇತ್ತು.

ಈಗಲಾದರೂ ನಾನು ಬಾಯಿ ಮುಚ್ಚಿಕೊಂಡಿದ್ದರೆ ಈ ಪ್ರಬಂಧ ಇಲ್ಲಿಗೇ ಮುಗಿಯುತ್ತಿತ್ತು.

“ಮಿಸ್, ಒಂದೇ ಮೇಲಲ್ಲಿ ಮೇಲೆ ಇಲ್ಲ ಅಂತಿದೆ, ಕೆಳಗೆ ಹೌದು ಅಂತಿದೆ. ಎರಡು ನಾಲಿಗೆ. ಇದು ಗ್ಯಾರಂಟಿ ಮೋಸ.”

“ನಾಲ್ಕನೇದು ಹಾಕು” ಎಂದರು ಮಿಸ್.

ಧ್ವನಿಗೆ ಒಂದು ಸಾಲು ಬರೆದೆ. ಬರೆಯುವ ಮುಂಚೆ ಆ ತುಂಡನ್ನು ಬೇರೆ ಇಳಿಸಿಕೊಂಡು, ಅದು ನಿಜವಾಗಿಯೂ ಧ್ವನಿಯೇ, ಇಲ್ಲ ಧ್ವನಿಯ ವೇಷದಲ್ಲಿ ಬಂದ ಇನ್ನೇನಾದರೂ ಇದೆಯೇ ಎಂದು ಕಮಾಂಡ್ ಹಾಕಿ ತಪಾಸಣೆ ಮಾಡಿದೆ. ಧ್ವನಿಯೇ. ನನಗೆ ಸ್ವಲ್ಪ ನಿರಾಸೆಯಾಯಿತು ಎಂದರೂ ಸುಳ್ಳಲ್ಲ. ಎಂಟರ್ ಒತ್ತಿದೆ. ಕಪ್ಪು ಕಿಟಕಿ, ಜನ್ಮದಲ್ಲಿ ಮೊದಲ ಬಾರಿಗೆ, ಮಾತಾಡಿತು.

“ನಮಸ್ಕಾರ್ರೀ ಮಿಸ್. ನಾ ಶಿವಲೀಲಾ ಅಂತ, ನಮ್ಮೂರು ಹಾವೇರಿ ಕಡೆ. ಇಲ್ಲೇ ಹಾಸ್ಟೆಲ್‌ನಾಗ ಇದ್ದು ಓದಾಕತ್ತೀನಿ. ಪೂರ್ಣಿಮಾ ಅಕ್ಕಾರು ನನಗ ಬ್ಯಾರೆ ಬ್ಯಾರೆಯವರು ಓದಿದ್ದು ಕೇಳಿಸಿದ್ರು. ನಿಮ್ಮ ಧ್ವನಿ ಒಂಚೂರು ಒಡದಂಗ ಐತ್ರಿ, ಸಿಟ್ಟಾಗಬ್ಯಾಡ್ರಿ. ಆದ್ರ ನೀವು ಒಂದ ಅಕ್ಷರಾನೂ ನುಂಗೂದಿಲ್ಲ. ಉಳದವ್ರು ಬಸ್ ತಪ್ಪತೈತಿ ಅನ್ನೂವಂಗ ಓಡ್ತಾರ. ನನಗ ಇತಿಹಾಸ ನೀವ ಓದಿ ಕೊಡ್ರಿ.” ಹಿಂದೆ ತಟ್ಟೆಗಳ ಸದ್ದು, ಯಾರೋ “ಶಿವಲೀಲಾ, ಸಾರು ಆರಾಕತ್ತೈತಿ ಬಾ” ಎಂದು ಕರೆದದ್ದು, ಅಲ್ಲಿಗೆ ನಿಂತಿತು.

ಮೆಷಿನ್ ಇರಬಹುದೇ ಎಂದು ನಾನು ಆಗಲೂ ಯೋಚಿಸಿದೆ. ಆದರೆ ಯಾವ ಮೆಷಿನ್ನಿಗೆ ಸಾರು ಆರುವ ಚಿಂತೆ ಇರುತ್ತದೆ? ಅಲ್ಲದೆ ಒಂದು ಧ್ವನಿಯನ್ನು ಕೇಳಿದ ಕೂಡಲೇ ನನ್ನ ಗಂಟಲು ತನ್ನಷ್ಟಕ್ಕೆ ಅದರ ಅಳತೆ ತೆಗೆಯುತ್ತದೆ. ಈ ಸಲ ತೆಗೆಯಲಿಲ್ಲ, ಸುಮ್ಮನೆ ಕೂತಿತ್ತು. ಮಿಸ್ ಪರದೆಯನ್ನೇ ನೋಡುತ್ತಿದ್ದರು, ಅಲ್ಲಿ ನೋಡಲು ಏನೂ ಇರಲಿಲ್ಲ.

“ಇನ್ನೊಂದ್ಸಲ ಹಾಕು” ಎಂದರು. ಹಾಕಿದೆ. ಅದು ಮುಗಿದ ಮೇಲೆ, “ಒಡದಂಗ ಐತ್ರಿ ಅಂತೆ. ನಮ್ಮ ರಸ್ತೇಲಿ ಒಬ್ಬರಿಗಾದರೂ ಹೀಗೆ ಹೇಳೋ ಧೈರ್ಯ ಇತ್ತೇನೋ?” ಎಂದರು. ಬಹಳ ಸಂತೋಷವಾಗಿದ್ದರು. ಆಮೇಲೆ ಅವರೇ ಪೂರ್ಣಿಮಾಗೆ ಫೋನ್ ಮಾಡಿ, ಶನಿವಾರ ಬರುತ್ತೇನೆ ಎಂದು ಹೇಳಿ, “ಆ ಇನ್ಸ್‌ಪೆಕ್ಟರನ್ನೂ ಕರ್ಕೊಂಡ್ ಬರ್ತೀನಮ್ಮಾ” ಎಂದು ಸೇರಿಸಿದರು.

ಶನಿವಾರ ಆಟೋದಲ್ಲಿ ಹೋಗುವಾಗಲೂ ನನ್ನ ಅನುಮಾನ ನಮ್ಮಿಬ್ಬರ ನಡುವೆ ಮೂರನೇ ಸವಾರಿಯಾಗಿ ಕೂತಿತ್ತು. ಅಂಥ ವಿಳಾಸವೇ ಇರುವುದಿಲ್ಲ ಎಂದುಕೊಂಡಿದ್ದೆ, ಇತ್ತು. ಬೋರ್ಡ್ ಇರುವುದಿಲ್ಲ ಎಂದುಕೊಂಡಿದ್ದೆ, ಅದೂ ಇತ್ತು. ಒಂದು ಮನೆಯ ಮೇಲ್ಮಹಡಿ, ಬಾಗಿಲ ಬಳಿ ಚಪ್ಪಲಿಗಳ ರಾಶಿ, ಒಳಗೆ ಗಾಜಿನ ಗೋಡೆಯ ಒಂದು ಪುಟ್ಟ ಕೋಣೆ. ಪೂರ್ಣಿಮಾ ನನಗಿಂತ ಚಿಕ್ಕ ಹುಡುಗಿ. ನಾನು “ನಮಸ್ಕಾರ” ಎಂದ ಕೂಡಲೇ ಧ್ವನಿ ಹಿಡಿದುಬಿಟ್ಟಳು.

“ಮೇನ್ ಸ್ಟೇಷನ್ನಿಂದ ಬಂದ್ರಾ ಸಾರ್? ಕೂತ್ಕೊಳ್ಳಿ. ಟೀ ಹೇಳ್ಲಾ, ಇಲ್ಲ ಅರೆ‌ಸ್ಟ್ ಮಾಡ್ತೀರಾ?”

ನಾನು ಲ್ಯಾಪ್‌ಟಾಪ್ ತೆರೆದು ಆ ಎರಡು ಸಾಲು ಇಂಗ್ಲಿಷ್ ತೋರಿಸಿದೆ. ಅವಳು ಹತ್ತಿರ ಬಂದು ಓದಿ, ಹಣೆಗೆ ಕೈಯಿಟ್ಟುಕೊಂಡಳು. ಆಗಿದ್ದು ಇಷ್ಟು. ಯಾರಿಗೋ ಆಗಲ್ಲ ಎಂದು ಕಳಿಸಿದ್ದ ಹಳೆಯ ಇಮೇಲನ್ನೇ ತೆಗೆದುಕೊಂಡು, ಕಣ್ಣಿಗೆ ಕಾಣುವ ಅಲಂಕಾರದ ಪುಟವನ್ನು ಅಳಿಸಿ ಹೊಸದಾಗಿ ಮಿಸ್‌ಗೆ ಬರೆದಿದ್ದಾಳೆ. ಅದರ ಹಿಂದೆ ಬರೀ ಅಕ್ಷರಕ್ಕೆಂದು ಇನ್ನೊಂದು ಖಾನೆ ಇದೆ, ಅದರಲ್ಲಿ ಹಳೆಯ ಮಾತು ಹಾಗೇ ಕೂತಿದೆ ಎಂಬುದು ಅವಳಿಗೆ ಗೊತ್ತೇ ಇಲ್ಲ.

“ಎಲ್ಲರ ಫೋನಲ್ಲೂ ಚೆನ್ನಾಗಿರೋದೇ ಕಾಣುತ್ತಲ್ಲ ಸಾರ್. ಹಿಂದುಗಡೆದು ಯಾರೂ ನೋಡಲ್ಲ ಅಂದ್ಕೊಂಡಿದ್ದೆ.”

“ನಮ್ಮ ಹುಡುಗ ನೋಡ್ತಾನಮ್ಮಾ. ಹಿಂದುಗಡೆದು ಮಾತ್ರ ನೋಡ್ತಾನೆ” ಎಂದರು ಮಿಸ್. ಆಮೇಲೆ ನನ್ನ ಕಡೆ ತಿರುಗಿ, “ಯಾರಿಗೋ ಬರೆದಿದ್ದನ್ನ ನಂಬಿದೆ, ನನಗೆ ಬರೆದಿದ್ದನ್ನ ಅನುಮಾನಿಸಿದೆ. ಇರ್ಲಿ, ಆಮೇಲೆ ಮಾತಾಡೋಣ” ಎಂದು ಗಾಜಿನ ಕೋಣೆಯೊಳಗೆ ಹೋದರು. ಆ “ಆಮೇಲೆ” ಇನ್ನೂ ಬಂದಿಲ್ಲ, ನಾನು ಕಾಯುತ್ತಿದ್ದೇನೆ.

ಶಿವಲೀಲಾ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಕೊರಳಲ್ಲಿ ಇಯರ್‌ಫೋನ್, ಮಡಿಲಲ್ಲಿ ಫೋನ್. ಒಳಗೆ ಮಿಸ್ ಓದುವುದು ಹೊರಗಿನ ಸ್ಪೀಕರಿನಲ್ಲಿ ಕೇಳುತ್ತಿತ್ತು. ಮೊದಲು ಸ್ವಲ್ಪ ತಡವರಿಸಿದರು. ಒಂದು ಕಡೆ ಗಾಳಿ ಸೋರಿ ಧ್ವನಿ ನಿಂತೇಹೋಯಿತು. ನೀರು ಕುಡಿದು, ವಾಕ್ಯವನ್ನು ಮೊದಲಿನಿಂದ ಎತ್ತಿಕೊಂಡರು. ಆಮೇಲೆ ನಿಲ್ಲಲಿಲ್ಲ. ಶಿವಲೀಲಾ ತಲೆ ಬಾಗಿಸಿ, ತುಟಿ ಅಲುಗಿಸುತ್ತಾ ಕೇಳಿದಳು. ಪುಟ ಮುಗಿದಾಗ ಪೂರ್ಣಿಮಾ, “ಏನು ಶಿವಲೀಲಾ?” ಎಂದಳು.

“ಮುಂದಿಂದು ಓದಸ್ರಿ ಅಕ್ಕಾರ. ನಿಲ್ಲಸಬ್ಯಾಡ್ರಿ” ಎಂದಳು ಅವಳು. ಮಿಸ್ ಅವರ ಕೆಲಸ ಖಾಯಂ ಆದದ್ದು ಹೀಗೆ.

ಎಲ್ಲರೂ ಸಂತೋಷವಾಗಿರುವಾಗ ಒಬ್ಬನೇ ತಪ್ಪಿತಸ್ಥನಾಗಿ ಕೂರುವುದು ಬಹಳ ಕಷ್ಟದ ಕೆಲಸ. ನಾನು ಬೆಂಚಿನ ಇನ್ನೊಂದು ತುದಿಗೆ ಜರುಗಿ, ಶಿವಲೀಲಾಳ ಮುಂದೆ ನನ್ನ ವಕಾಲತ್ತು ಶುರು ಮಾಡಿದೆ. ಕಪ್ಪು ಕಿಟಕಿ ಎಂದರೇನು, ಬಣ್ಣದ ಇಮೇಲಿನಲ್ಲಿ ಎಷ್ಟು ಬಗೆಯ ಮೋಸಗಳಿರುತ್ತವೆ, ಮೊದಲ ತುಂಡಿನಲ್ಲೇ ಇಲ್ಲ ಎಂದಿದ್ದರೆ ಯಾರಾದರೂ ಎರಡನೆಯದನ್ನು ಯಾಕೆ ತೆರೆಯುತ್ತಾರೆ, ನನ್ನ ಜಾಗದಲ್ಲಿ ಇದ್ದಿದ್ದರೆ ನೀನೂ ಹೀಗೇ ಮಾಡುತ್ತಿದ್ದೆ ಎಂದೆಲ್ಲ ವಿವರಿಸಿದೆ. ಅವಳು ಒಂದು ಕಿವಿಯನ್ನು ಸ್ಪೀಕರಿನ ಕಡೆಗೇ ಕೊಟ್ಟು, ನನ್ನ ಮಾತು ಮುಗಿಯುವ ತನಕ ತಾಳ್ಮೆಯಿಂದ ಕೇಳಿಸಿಕೊಂಡಳು. ಆಮೇಲೆ ಹೇಳಿದಳು:

“ನನ್ನ ಫೋನು ಮೇಲ್ ಪೂರಾ ಓದಿ ಹೇಳ್ತೈತ್ರಿ, ನಾ ಪೂರಾ ಕೇಳ್ತೀನಿ. ಅರ್ಧ ನೋಡಿ ಬಿಡೂದು ಕಣ್ಣಿದ್ದವ್ರ ಚಟಾರೀ ಅಣ್ಣಾ.”